ನಗಿಸಲು ಹೊರಟ ಪೆಪ್ಪರ್‌ಮೆಂಟು ಅಳಿಸಿಬಿಟ್ಟರೆ

ಅಜ್ಜ ಜೇಬಿನಿಂದ ಪೆಪ್ಪರ್‌ಮೆಂಟು ತೆಗೆದು ಕಾಗದ ಬಿಚ್ಚುತ್ತಾನೆ. ಒಳಗೆ ಬೆಣಚುಕಲ್ಲು. ಮೊಮ್ಮಗ ಬಾಗಿಲ ಮರೆಯಲ್ಲಿ ನಿಂತು, ಒಂದು ಕೆನ್ನೆ ಉಬ್ಬಿಸಿಕೊಂಡು ಚೀಪುತ್ತಿದ್ದಾನೆ. ಮನೆಮಂದಿಯೆಲ್ಲ ಗೊಳ್ಳೆಂದು ನಗುತ್ತಾರೆ. ಪೆಪ್ಪರ್‌ಮೆಂಟಿನ ಹೆಸರು ಬರುತ್ತದೆ, ಜಿಂಗಲ್ ಬರುತ್ತದೆ, ಮುಗಿಯಿತು. ಒಟ್ಟು 30 ಸೆಕೆಂಡು.

ಈ ಜಾಹೀರಾತಿನ ಹಿಂದಿ ಮೂಲ ಮುಂಬೈಯಿಂದ ಬಂದಿತ್ತು, ಕನ್ನಡದ ಮಾತು ಬರೆಯುವ ಕೆಲಸ ನನ್ನ ಪಾಲಿಗೆ. ಇಪ್ಪತ್ತೆರಡು ವರ್ಷಗಳಿಂದ ಬೆಂಗಳೂರಿನಲ್ಲಿ ಇದನ್ನೇ ಮಾಡುತ್ತಿದ್ದೇನೆ. ಸೋಪು, ಸಿಮೆಂಟು, ಕೊಬ್ಬರಿ ಎಣ್ಣೆ, ಚಾಕೊಲೇಟು, ಯಾವುದು ಬಂದರೂ ಪಾತ್ರದ ತುಟಿಗೆ ಹೊಂದುವಂತೆ ಕನ್ನಡ ಹೊಲಿದು ಕೊಡುತ್ತೇನೆ. ಅಂದು ಅಜ್ಜನ ದನಿಗೆ ಎಪ್ಪತ್ತು ದಾಟಿದ ರಂಗನಟರೊಬ್ಬರು ಬಂದಿದ್ದರು. ಮೈಕಿನ ಮುಂದೆ ನಿಂತು, ನಾನು ಬರೆದುಕೊಟ್ಟಿದ್ದ ಒಂದೇ ಸಾಲನ್ನು ಹೇಳಿದರು: “ನನಗೂ ಒಂದು ಉಳಿಸಲಿಲ್ಲವೇನೋ ಮಗು?”

ಸೌಂಡ್ ಇಂಜಿನಿಯರ್ ಹುಡುಗ ರೆಕಾರ್ಡಿಂಗ್ ನಿಲ್ಲಿಸಿದ. ಗಾಜಿನ ಬಾಗಿಲು ತೆರೆದು ಒಳಗೆ ಹೋದ. ತನ್ನ ಪ್ಯಾಂಟಿನ ಜೇಬಿನಲ್ಲಿದ್ದ ಪೆಪ್ಪರ್‌ಮೆಂಟನ್ನು ಅವರ ಕೈಗಿಟ್ಟು, “ತೆಗೆದುಕೊಳ್ಳಿ ಸಾರ್” ಎಂದ.

ನಗಿಸಬೇಕಾದ ಜಾಹೀರಾತು ದುಃಖಕ್ಕೆ ತಿರುಗಿದೆ ಎಂಬುದಕ್ಕೆ ನನಗೆ ಗೊತ್ತಿರುವ ಅತ್ಯಂತ ನಂಬಿಕೆಯ ಗುರುತು ಇದು: ನೋಡಿದವರು ಪಾತ್ರದ ಸಹಾಯಕ್ಕೆ ಧಾವಿಸುತ್ತಾರೆ. ನಗಲಿಲ್ಲ ಎಂದ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ. ಊಟದ ಹೊತ್ತಾಗಿರಬಹುದು, ಎ.ಸಿ. ಕೆಟ್ಟಿರಬಹುದು, ಹಾಸ್ಯವೇ ಸಪ್ಪೆ ಇರಬಹುದು. ಸಪ್ಪೆ ಹಾಸ್ಯ ನೋಡಿದವರು ಮೊಬೈಲ್ ತೆಗೆಯುತ್ತಾರೆ. ಅಳಿಸಿದ ಹಾಸ್ಯ ನೋಡಿದವರು ಪರಿಹಾರ ಹುಡುಕುತ್ತಾರೆ. ಜಾಹೀರಾತು ಬರೆಯುವ, ಡಬ್ ಮಾಡುವ ಕೆಲಸಕ್ಕೆ ಹೊಸದಾಗಿ ಬಂದವರಿಗಾಗಿ, ಆ ಕೈ ಜೇಬಿಗೆ ಹೋದ ಮೇಲೆ ಏನು ಮಾಡಬೇಕು ಎಂಬುದನ್ನು ಬರೆದಿಡುತ್ತಿದ್ದೇನೆ.

ಮೊದಲು ಜಾಹೀರಾತನ್ನು ದನಿಯಿಲ್ಲದೆ ಒಮ್ಮೆ ನೋಡಿ. ಕೊನೆಯ ದೃಶ್ಯದಲ್ಲಿ ನಿಲ್ಲಿಸಿ. ಯಾರ ಕೈ ಖಾಲಿ ಇದೆ ಎಂದು ಹುಡುಕಿ. ಸಿಹಿತಿಂಡಿಯ ಜಾಹೀರಾತಿನಲ್ಲಿ ಒಬ್ಬರ ಕೈ ಖಾಲಿ ಇರುವುದು ಸಾಮಾನ್ಯ, ಏಕೆಂದರೆ ಮಿಠಾಯಿ ಒಂದೇ ಇರುತ್ತದೆ, ಆಸೆಪಡುವವರು ಇಬ್ಬರು ಇರುತ್ತಾರೆ. ಕೇಳಬೇಕಾದ ಪ್ರಶ್ನೆ ಎಂದರೆ, ಆ ಖಾಲಿ ಕೈಯವರು ತಮ್ಮ ಪಾಡನ್ನು ತಾವೇ ತಂದುಕೊಂಡರೋ, ಪಾಪ, ಸುಮ್ಮನೆ ಕುಳಿತಿದ್ದವರೋ?

ಇದನ್ನು ತೋರಿಸಲು ನಾನು ಸಾಮಾನ್ಯವಾಗಿ 2007ರಲ್ಲಿ ಅಮೆರಿಕದಲ್ಲಿ ಬಂದ, ಸ್ಕಿಟಲ್ಸ್ ಎಂಬ ಮಿಠಾಯಿಯ ಜಾಹೀರಾತನ್ನು ಹಾಕುತ್ತೇನೆ. ಕಚೇರಿಯಲ್ಲಿ ಒಬ್ಬ ನೌಕರ. ಅವನು ಕೈಯಿಂದ ಮುಟ್ಟಿದ್ದೆಲ್ಲ ಬಣ್ಣಬಣ್ಣದ ಸ್ಕಿಟಲ್ಸ್ ಆಗಿ ಉದುರುತ್ತದೆ. ಸಹೋದ್ಯೋಗಿಗಳು ಅದ್ಭುತ ಎಂದು ಬೆರಗಾಗುತ್ತಾರೆ. ಅವನ ಮುಖದಲ್ಲಿ ನಗುವಿನ ಎಳೆಯೂ ಇಲ್ಲ. ಆಗ ತಾನೇ ಹುಟ್ಟಿದ ಮಗನನ್ನು ಎತ್ತಿಕೊಳ್ಳಲಾಗುವುದಿಲ್ಲ, ತನ್ನ ಬಟ್ಟೆಯನ್ನು ತಾನೇ ತೊಡಲಾಗುವುದಿಲ್ಲ ಎನ್ನುತ್ತಾನೆ. ಬಸ್ಸಿನಲ್ಲಿ ಒಬ್ಬನ ಕೈ ಕುಲುಕಿದನಂತೆ. ಆ ಮನುಷ್ಯ ಇನ್ನೆಂದೂ ಮನೆಯವರ ಮುಖ ನೋಡುವುದಿಲ್ಲ. ಇದೆಲ್ಲ ಆದ ಮೇಲೆ, ಕಾಮನಬಿಲ್ಲನ್ನು ಸವಿಯಿರಿ ಎಂಬ ಅರ್ಥದ, 1994ರಿಂದ ಆ ಮಿಠಾಯಿಯ ಜೊತೆಗಿರುವ ಘೋಷವಾಕ್ಯ ಬರುತ್ತದೆ.

ಲಕ್ಷಾಂತರ ಜನ ಇದಕ್ಕೆ ಬಿದ್ದು ಬಿದ್ದು ನಕ್ಕಿದ್ದಾರೆ. ಆ ಬ್ರ್ಯಾಂಡಿನ ಜಾಹೀರಾತುಗಳಲ್ಲಿ ಇದನ್ನು ಇಂದಿಗೂ ನೆನೆಯುತ್ತಾರೆ. ನಾನೂ ನಕ್ಕೆ. ನನ್ನ ತಂಗಿ ನಗಲಿಲ್ಲ. ಅವಳ ಮಗು ಏಳನೆಯ ತಿಂಗಳಿಗೇ ಹುಟ್ಟಿ ಹತ್ತೊಂಬತ್ತು ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು. ಪೆಟ್ಟಿಗೆಯ ದುಂಡನೆಯ ಕಿಂಡಿಯೊಳಗೆ ಕೈ ತೂರಿಸಿ ಪಾದ ಮುಟ್ಟಬಹುದಿತ್ತೇ ಹೊರತು ಎತ್ತಿಕೊಳ್ಳುವಂತಿರಲಿಲ್ಲ. ಈಗ ಆ ಮಗು ಪಿಯುಸಿ ಓದುತ್ತಿದ್ದಾನೆ, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಆದರೂ ಅವಳು ಜಾಹೀರಾತು ನೋಡಿ ಹೇಳಿದ್ದು ಇಷ್ಟೇ: “ಅಲ್ಲ ಅಕ್ಕಾ, ಅವನಿಗೆ ಯಾರಾದರೂ ಕೈಗವಸು ಹಾಕಬಾರದಿತ್ತೇ?”

ನೋಡಿ, ಅದೇ ಗುರುತು. ಕೈ ಜೇಬಿಗೆ ಹೋಯಿತು.

ಆ ಜಾಹೀರಾತಿನ ಬೇರು ಮಿಡಾಸ್ ರಾಜನ ಕತೆಯಲ್ಲಿದೆ ಎಂದು ಶಾಲೆಗೆ ಹೋದ ಯಾರಾದರೂ ಹೇಳುತ್ತಾರೆ. ಸ್ವಾರಸ್ಯ ಇರುವುದು ಬೇರೆ ಕಡೆ. ರೋಮಿನ ಕವಿ ಓವಿಡ್ ಹೇಳಿದ ಕತೆಯಲ್ಲಿ ಮಿಡಾಸನಿಗೆ ಆಗುವ ತೊಂದರೆ ಹಸಿವು, ಬಾಯಾರಿಕೆ. ರೊಟ್ಟಿ ಮುಟ್ಟಿದರೆ ಚಿನ್ನ, ದ್ರಾಕ್ಷಾರಸ ಬಾಯಿಗಿಟ್ಟರೆ ಚಿನ್ನ. ತಾನೇ ಬೇಡಿ ಪಡೆದ ವರ, ತಾನೇ ಅನುಭವಿಸಿದ. ನದಿಯಲ್ಲಿ ಮಿಂದು ಕಳೆದುಕೊಂಡ. ಆಮೇಲೆ ಇನ್ನೊಂದು ದಡ್ಡತನಕ್ಕೆ ಕತ್ತೆಕಿವಿಯನ್ನೂ ಗಿಟ್ಟಿಸಿಕೊಂಡ. ಅದು ಹೆಚ್ಚುಕಡಿಮೆ ಪ್ರಹಸನವೇ. ತಂದೆಯ ಕೈ ತಾಗಿ ಚಿನ್ನದ ಗೊಂಬೆಯಾಗುವ ಮಗಳು ಓವಿಡ್‌ನಲ್ಲಿ ಇಲ್ಲ. ಅವಳನ್ನು 19ನೆಯ ಶತಮಾನದ ನಡುವಿನಲ್ಲಿ, ಮಕ್ಕಳಿಗಾಗಿ ಈ ಕತೆಯನ್ನು ಮತ್ತೆ ಹೇಳಿದ ಅಮೆರಿಕದ ಲೇಖಕ ನ್ಯಾಥನಿಯಲ್ ಹಾಥಾರ್ನ್ ತಂದು ಕೂರಿಸಿದ. ವರ ಬೇಡದವಳೊಬ್ಬಳು ಒಳಗೆ ಬಂದಳು, ನಗು ಹೊರಗೆ ಹೋಯಿತು.

ನಮ್ಮ ಭಸ್ಮಾಸುರನನ್ನು ಪಕ್ಕದಲ್ಲಿಟ್ಟು ನೋಡಿದರೆ ಇದು ಇನ್ನೂ ಸ್ಪಷ್ಟ. ಅವನದೂ ಮುಟ್ಟಿದರೆ ಮುಗಿಯಿತು ಎನ್ನುವ ಕೈ. ಯಕ್ಷಗಾನದಲ್ಲಿ ಅವನು ಮೋಹಿನಿಯ ಹೆಜ್ಜೆಗೆ ಹೆಜ್ಜೆ ಹಾಕುತ್ತಾ, ಕೊನೆಗೆ ತನ್ನ ಕೈಯನ್ನು ತನ್ನ ತಲೆಯ ಮೇಲೇ ಇಟ್ಟುಕೊಂಡು ಸುಟ್ಟುಹೋಗುವಾಗ ಬೆಳಗಿನ ಜಾವದ ನಿದ್ದೆಗಣ್ಣಿನಲ್ಲೂ ಜನ ನಗುತ್ತಾರೆ. ಒಬ್ಬ ಉರಿದು ಬೂದಿಯಾದ ಎಂದು ಯಾರೂ ಕಣ್ಣೊರೆಸಿಕೊಳ್ಳುವುದಿಲ್ಲ. ಬೇಡಿದವನು ಅವನು, ಕೊಟ್ಟ ಶಿವನ ತಲೆಯ ಮೇಲೇ ಮೊದಲು ಪರೀಕ್ಷೆ ಮಾಡಲು ಹೊರಟವನೂ ಅವನು. ಲೆಕ್ಕ ಚುಕ್ತಾ. ಅದೇ ಭಸ್ಮಾಸುರ ದಾರಿಯಲ್ಲಿ ಒಬ್ಬ ಹಾಲು ಮಾರುವವನ ತಲೆ ಸವರಿದ್ದರೆ? ಮುಂದಿನ ಕುಣಿತಕ್ಕೆ ಚಪ್ಪಾಳೆ ಬೀಳುವುದು ಕಷ್ಟ. ಸ್ಕಿಟಲ್ಸ್‌ನವನು ಬಸ್ಸಿನಲ್ಲಿ ಕೈ ಕುಲುಕಿದ್ದು ಆ ಹಾಲಿನವನದು.

ಖಾಲಿ ಕೈ ಯಾರದೆಂದು ಗೊತ್ತಾದ ಮೇಲೆ ಎರಡು ದಾರಿ. ಒಂದೋ ಆ ಪಾತ್ರಕ್ಕೆ ಮೊದಲೇ ಸ್ವಲ್ಪ ತಪ್ಪು ಹೊರಿಸಿ, ಇಲ್ಲವೇ ಕೊನೆಯಲ್ಲಿ ಸ್ವಲ್ಪ ಏನಾದರೂ ಕೊಡಿ. ಅಜ್ಜ ಮೊದಲ ಐದು ಸೆಕೆಂಡಿನಲ್ಲಿ, ಮೊಮ್ಮಗ ಕೇಳಿದಾಗ, ಪೆಪ್ಪರ್‌ಮೆಂಟನ್ನು ಪಂಚೆಯ ಮಡಿಕೆಯಲ್ಲಿ ಬಚ್ಚಿಟ್ಟು “ಎಲ್ಲಿದೆ? ಇಲ್ಲವೇ ಇಲ್ಲ” ಎಂದಿದ್ದರೆ, ಕೊನೆಯ ಬೆಣಚುಕಲ್ಲು ನ್ಯಾಯವಾಗುತ್ತಿತ್ತು. ಹಿಂದಿಯ ಪೂರ್ತಿ ಚಿತ್ರದಲ್ಲಿ ಅಂಥದ್ದೊಂದು ದೃಶ್ಯ ಇತ್ತೆಂದು ಆಮೇಲೆ ತಿಳಿಯಿತು! ಅದು 40 ಸೆಕೆಂಡಿನದು. ನಮಗೆ ಬಂದದ್ದು 30ಕ್ಕೆ ಇಳಿಸಿದ್ದು. ಈ ಕೆಲಸದಲ್ಲಿರುವವರು ನೆನಪಿಡಬೇಕಾದ ಸಂಗತಿ ಇದು. ಸಮಯ ಉಳಿಸಲು ಕತ್ತರಿಸುವಾಗ ಮೊದಲು ಹೋಗುವುದು ಪೀಠಿಕೆ, ಪೀಠಿಕೆಯಲ್ಲೇ ಬಲಿಪಶುವಿನ ತಪ್ಪು ಅಡಗಿರುತ್ತದೆ. ಇಳಿಸಿದ ಆವೃತ್ತಿ ಕೈಗೆ ಬಂದರೆ ಪೂರ್ತಿಯದನ್ನೂ ಕಳುಹಿಸಿ ಎಂದು ಏಜೆನ್ಸಿಯನ್ನು ಪೀಡಿಸಿ. ಕೊಡಲು ಗೊಣಗುತ್ತಾರೆ, ಆದರೆ ಕೊಡುತ್ತಾರೆ.

ಅಮೆರಿಕದ್ದೇ ಇನ್ನೊಂದು ಹಳೆಯದು, 1970ರ ಟೂಟ್ಸಿ ಪಾಪ್ ಕಾರ್ಟೂನು. ಈ ಕಡ್ಡಿಮಿಠಾಯಿಯ ನಡುವಿನ ಮೆತ್ತನೆಯ ತಿರುಳು ಸಿಗಲು ಎಷ್ಟು ಸಲ ನೆಕ್ಕಬೇಕು ಎಂದು ಒಬ್ಬ ಹುಡುಗ ಗೂಬೆಯನ್ನು ಕೇಳುತ್ತಾನೆ. ಗೂಬೆ ಮಿಠಾಯಿ ಇಸಿದುಕೊಂಡು ಒಂದು, ಎರಡು ಎಂದು ನೆಕ್ಕಿ, ಮೂರಕ್ಕೆ ಕಟಕ್ಕನೆ ಕಚ್ಚಿ, ಬರೀ ಕಡ್ಡಿಯನ್ನು ಹಿಂದಕ್ಕೆ ಕೊಡುತ್ತದೆ. ಇಲ್ಲಿ ಹುಡುಗನ ತಪ್ಪು ಏನೂ ಇಲ್ಲ, ಆದರೂ ದೊಡ್ಡವರು ನಗುತ್ತಾರೆ. ಏಕೆಂದರೆ ಗೂಬೆಯ ಗಾಂಭೀರ್ಯ, ಪಂಡಿತನ ಗತ್ತು, ಆ ಗತ್ತಿನ ಹಿಂದಿನ ಹೊಟ್ಟೆಬಾಕತನ ನಮಗೆ ಗೊತ್ತಿರುವಂಥದ್ದು. ನಮ್ಮ ಊರಿನಲ್ಲೂ ಇಂಥ ಗೂಬೆಗಳು ಪಂಚಾಯಿತಿ ಮಾಡಿವೆ. ಹುಡುಗನ ಮೇಲೆ ಕ್ಯಾಮೆರಾ ಹೆಚ್ಚು ಹೊತ್ತು ನಿಲ್ಲುವುದೂ ಇಲ್ಲ. ಆದರೆ ನನ್ನ ಐದು ವರ್ಷದ ಮೊಮ್ಮಗಳಿಗೆ ಇದನ್ನು ಮೊಬೈಲಿನಲ್ಲಿ ತೋರಿಸಿದಾಗ ಅವಳು ಗೂಬೆಯನ್ನು ಗಮನಿಸಲೇ ಇಲ್ಲ. “ಅಜ್ಜಿ, ಅವನಿಗೆ ಇನ್ನೊಂದು ಕೊಡಿಸುವುದಿಲ್ಲವೇ?” ಎಂದಳು. ಐದು ವರ್ಷದವರಿಗೆ ಪಂಡಿತರ ಪರಿಚಯ ಇರುವುದಿಲ್ಲ, ಖಾಲಿ ಕಡ್ಡಿಯ ಪರಿಚಯ ಇರುತ್ತದೆ. ಆದ್ದರಿಂದ ಮಕ್ಕಳ ಮಿಠಾಯಿಯ ಜಾಹೀರಾತನ್ನು ಕ್ಲೈಂಟಿಗೆ ತೋರಿಸುವ ಮೊದಲು ಒಂದು ಮಗುವಿಗೆ ತೋರಿಸಿ. ಇಷ್ಟವಾಯಿತೇ ಎಂದು ಕೇಳಬೇಡಿ. ಮಕ್ಕಳು ಎಲ್ಲಕ್ಕೂ ಹೂಂ ಎನ್ನುತ್ತಾರೆ. ಆಮೇಲೆ ಏನಾಯಿತು ಎಂದು ಕೇಳಿ. ಮಗು ತಾನೇ ಒಂದು ಸುಖಾಂತ್ಯ ಕಟ್ಟಲು ಹೊರಟರೆ ನಿಮ್ಮ ಅಂತ್ಯ ಸರಿಯಿಲ್ಲ.

ದುಃಖಕರ ಸಂಗತಿಯನ್ನೇ ನಗುವಾಗಿ ಉಳಿಸಿಕೊಳ್ಳುವುದಕ್ಕೂ ಉಪಾಯ ಇದೆ, ಅದನ್ನು ನಾನು ಕಲಿತದ್ದು ಚಾಪ್ಲಿನ್‌ನಿಂದ. 1925ರ ‘ದ ಗೋಲ್ಡ್ ರಷ್’ ಚಿತ್ರದಲ್ಲಿ ಹಸಿವು ತಡೆಯಲಾರದೆ ಅವನು ತನ್ನ ಬೂಟನ್ನೇ ಬೇಯಿಸಿ ತಿನ್ನುತ್ತಾನೆ. ಚಿತ್ರೀಕರಣಕ್ಕೆ ಬಳಸಿದ ಆ ಬೂಟು ಜೇಷ್ಠಮಧುವಿನ ಮಿಠಾಯಿಯಿಂದ ಮಾಡಿದ್ದು. ಹಾಗಾಗಿ ಇದನ್ನೂ ಮಿಠಾಯಿಯ ದೃಶ್ಯವೆಂದೇ ಲೆಕ್ಕ ಹಿಡಿಯುತ್ತೇನೆ. ಹಿಮದ ನಡುವೆ ಹೊಟ್ಟೆಗಿಲ್ಲದ ಮನುಷ್ಯ ಚರ್ಮ ಜಗಿಯುವುದು ನಗುವ ವಿಷಯವೇ? ಆದರೆ ಅವನು ಬೂಟಿನ ಲೇಸನ್ನು ಶಾವಿಗೆಯಂತೆ ಫೋರ್ಕಿಗೆ ಸುತ್ತುತ್ತಾನೆ, ಮೊಳೆಗಳನ್ನು ಮೂಳೆಯಂತೆ ಚೀಪಿ ಪಕ್ಕಕ್ಕಿಡುತ್ತಾನೆ. ಊಟದ ಶಿಷ್ಟಾಚಾರದಲ್ಲಿ ಎಷ್ಟು ಮುಳುಗಿದ್ದಾನೆ ಎಂದರೆ ತನ್ನ ಬಗ್ಗೆ ಮರುಕಪಡಲು ಅವನಿಗೆ ಪುರುಸೊತ್ತಿಲ್ಲ, ಹಾಗಾಗಿ ನಮಗೂ ಇಲ್ಲ. ಕಷ್ಟದಲ್ಲಿರುವ ಪಾತ್ರಕ್ಕೆ ಕೈತುಂಬ ಕೆಲಸ ಕೊಡಿ. ಸುಮ್ಮನೆ ನಿಂತು ನೋಡಿದನೋ, ಕೆಟ್ಟಿತು.

ಇನ್ನು ಭಾಷೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಕೈಯಲ್ಲಿ ಹೆಚ್ಚಾಗಿ ಇರುವುದು ಅದೊಂದೇ. ಚಿತ್ರವನ್ನು ಮುಂಬೈಯವರು ಆಗಲೇ ಮುಗಿಸಿರುತ್ತಾರೆ. ನನ್ನ ಆ ಸಾಲನ್ನು ಇನ್ನೊಮ್ಮೆ ಓದಿ: “ನನಗೂ ಒಂದು ಉಳಿಸಲಿಲ್ಲವೇನೋ ಮಗು?” ಹಿಂದಿಯಲ್ಲಿ ಇದ್ದದ್ದು ‘ಎಲ್ಲಿ ನನ್ನ ಟಾಫಿ?’ ಎಂಬಷ್ಟೇ ಅರ್ಥದ ಒಂದು ಗದರಿಕೆ. ಅಜ್ಜನ ಮೀಸೆ ದಪ್ಪ, ತುಟಿ ಕಾಣುವುದಿಲ್ಲ, ಅಕ್ಷರ ಎಷ್ಟಾದರೂ ತುಂಬಬಹುದು ಎಂದು ನನಗೆ ಆಸೆಯಾಯಿತು. ತುಂಬಿದೆ. ಆ ಒಂದು ಸಾಲಿನಲ್ಲಿ ಮೂರು ಕಡೆ ಕಣ್ಣೀರು ಸುರಿಯುತ್ತಿದೆ. ‘ನನಗೂ’ ಎಂಬುದರ ಕೊನೆಯ ಊಕಾರ ಮೊದಲನೆಯದು: ‘ನನಗೆ’ ಎಂದರೆ ಹಕ್ಕು, ‘ನನಗೂ’ ಎಂದರೆ ಎಲ್ಲರೂ ತಿಂದಾದ ಮೇಲೆ ಉಳಿದವನ ಬೇಡಿಕೆ. ‘ಉಳಿಸಲಿಲ್ಲ’ ಎರಡನೆಯದು, ಅದು ಹಂಡೆ ತಳ ಕಂಡ ಮನೆಯ ಮಾತು. ‘ಮಗು’ ಮೂರನೆಯದು. ಮೋಸಹೋದವನು ಮೋಸಮಾಡಿದವನನ್ನು ಮಗು ಎಂದು ಕರೆದರೆ ಅಲ್ಲಿಗೆ ಕ್ಷಮಿಸಿದ ಹಾಗೆಯೇ. ಕ್ಷಮೆ ಬಂದ ಕಡೆ ನಗು ಉಳಿಯುವುದಿಲ್ಲ. ಬೈಗುಳ ಬಂದಿದ್ದರೆ ಉಳಿಯುತ್ತಿತ್ತು.

ಹಾಗಾಗಿ ಸಂಬೋಧನೆಯನ್ನು ಮುಟ್ಟುವಾಗ ಎಚ್ಚರ. ಇದೇ ಅಜ್ಜ “ಲೋ ಕಳ್ಳಾ” ಎಂದರೆ ಅವನಲ್ಲಿ ಇನ್ನೂ ಶಕ್ತಿ ಇದೆ, ಅಟ್ಟಿಸಿಕೊಂಡು ಹೋಗುತ್ತಾನೆ. “ಏನಪ್ಪಾ” ಎಂದರೆ ಸೋತಿದ್ದಾನೆ. “ಹೋಗಲಿ ಬಿಡು” ಎಂದರಂತೂ ಅಂಗಡಿ ಮುಚ್ಚಿ ಮನೆಗೆ ಹೋಗಬಹುದು. ಕನ್ನಡದಲ್ಲಿ ಅದಕ್ಕಿಂತ ದುಃಖದ ಎರಡು ಪದ ನನಗೆ ಗೊತ್ತಿಲ್ಲ.

ಭರತನು ನಾಟ್ಯಶಾಸ್ತ್ರದಲ್ಲಿ ಹಾಸ್ಯಕ್ಕೆ ಶೃಂಗಾರವನ್ನೂ ಕರುಣಕ್ಕೆ ರೌದ್ರವನ್ನೂ ಮೂಲವೆಂದು ಹೇಳುತ್ತಾನೆ. ಪೆಪ್ಪರ್‌ಮೆಂಟು ಮಾರುವವರಿಗೆ ಇದೇಕೆ ಎಂದು ಏಜೆನ್ಸಿಯ ಹುಡುಗರು ನನ್ನನ್ನು ರೇಗಿಸುತ್ತಾರೆ. ಆದರೆ ನನಗೆ ಇದು ಉಪಯೋಗಕ್ಕೆ ಬಂದಿದೆ: ಹಾಸ್ಯವೆಂದುಕೊಂಡ ದೃಶ್ಯ ಅಳಿಸುತ್ತಿದ್ದರೆ ಅದರೊಳಗೆ ಎಲ್ಲೋ ಯಾರೋ ಯಾರನ್ನೋ ಹೊಡೆದಿರುತ್ತಾರೆ. ಕೈಯಿಂದಲೇ ಹೊಡೆಯಬೇಕೆಂದೇನಿಲ್ಲ. ನಮ್ಮ ಜಾಹೀರಾತಿನಲ್ಲಿ ಹೊಡೆತ ಬಿದ್ದದ್ದು ಮನೆಮಂದಿಯ ನಗುವಿನಿಂದ. ಆರು ಜನ ಸೇರಿ ಒಬ್ಬ ಮುದುಕನನ್ನು ನೋಡಿ ನಗುವುದು. ಆ ಹಿನ್ನೆಲೆ ನಗುವಿನ ದನಿಯನ್ನು ಅರ್ಧಕ್ಕೆ ಇಳಿಸಿ, ಒಂದೇ ಒಂದು ನಗುವನ್ನು ಉಳಿಸಿದರೆ ಸಾಕು, ಅರ್ಧ ಗಾಯ ಮಾಯುತ್ತದೆ.

ಸಂಗೀತದ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಯಸ್ಸಾದವರ ಮುಖದ ಮೇಲೆ ನಿಧಾನದ ಕೊಳಲು ಹಾಕಬೇಡಿ. ಧಾರಾವಾಹಿಗಳು ಮೂವತ್ತು ವರ್ಷಗಳಿಂದ ಕನ್ನಡಿಗರಿಗೆ ಆ ಕೊಳಲು ಕೇಳಿದೊಡನೆ ಕರವಸ್ತ್ರ ತೆಗೆಯುವುದನ್ನು ಅಭ್ಯಾಸ ಮಾಡಿಸಿವೆ. ಸಂಕಲನಕಾರರು ಸ್ನೇಹಿತರಾಗಿದ್ದರೆ, ಪೆಟ್ಟು ಬಿದ್ದ ಮುಖದ ಕ್ಲೋಸ್-ಅಪ್‌ನಿಂದ ಹತ್ತು ಹನ್ನೆರಡು ಫ್ರೇಮ್ ತೆಗೆಯಲು ಕೇಳಿಕೊಳ್ಳಿ. ಸೆಕೆಂಡಿಗೆ 25 ಫ್ರೇಮ್ ಓಡುವ ನಮ್ಮ ಟಿ.ವಿ.ಯಲ್ಲಿ ಅದು ಅರ್ಧ ಸೆಕೆಂಡೂ ಅಲ್ಲ. ಆದರೆ ಕಣ್ಣು ತೇವವಾಗುವುದು ಆ ಅರ್ಧ ಸೆಕೆಂಡಿನಲ್ಲೇ.

ಒಂದು ಬಗೆಯ ಜಾಹೀರಾತಿಗೆ ಮಾತ್ರ ನನ್ನಲ್ಲಿ ಮದ್ದಿಲ್ಲ: ಮಿಠಾಯಿಗೇ ಕಣ್ಣು ಬಾಯಿ ಬರೆದು ಮಾತಾಡಿಸುವುದು. ಎಂ ಆ್ಯಂಡ್ ಎಂಸ್‌ನ ಕೆಂಪು, ಹಳದಿ ಗೊಂಬೆಗಳು ದಶಕಗಳಿಂದ ಈ ಹಗ್ಗದ ಮೇಲೆ ನಡೆದು ಗೆದ್ದಿವೆ. ಗೆಲ್ಲಲು ಕಾರಣ, ಕೆಂಪನೆಯವನು ಮಹಾ ಜಂಭಗಾರ, ಅವನನ್ನು ಯಾರಾದರೂ ತಿನ್ನಲು ಬಂದರೆ ನಮಗೆ ಒಳಗೊಳಗೇ ಖುಷಿ. ಅವರನ್ನು ನೋಡಿ ಎಲ್ಲರೂ ಮಾಡಲು ಹೋಗುತ್ತಾರೆ, ತಮ್ಮ ಗೊಂಬೆಗೆ ದುಂಡು ಕಣ್ಣು, ಮುದ್ದು ದನಿ ಕೊಡುತ್ತಾರೆ. ಕನ್ನಡದ ಮಕ್ಕಳಿಗೆ ಇದನ್ನು ತೋರಿಸಿ ನಗಿಸುವುದು ಹೇಗೆ? ತಿನ್ನಿಸಿಕೊಳ್ಳುವವರಿಗೆ ಬಾಯಿ ಬಂದರೆ, ಅದೂ ಮುದ್ದಾದ ಬಾಯಿ, ನಮ್ಮಲ್ಲಿ ಅದು ಪುಣ್ಯಕೋಟಿ. ಆ ಹಾಡಿನಲ್ಲಿ ಹುಲಿಯೇ ತಿನ್ನಲಾರದೆ ಪ್ರಾಣ ಬಿಟ್ಟಿತು. ಒಂದು ರೂಪಾಯಿ ಕೊಟ್ಟ ಮಗು ತಿನ್ನುತ್ತದೆಯೇ?

ಹ್ಯಾಪಿಡೆಂಟ್ ಚೂಯಿಂಗ್ ಗಮ್‌ನ ಅರಮನೆಯ ಜಾಹೀರಾತು ನೆನಪಿರಬಹುದು. ರಾಮ್ ಮಾಧ್ವಾನಿ ನಿರ್ದೇಶಿಸಿದ್ದು. ಹಲ್ಲು ಹೊಳೆಯುವ ಮನುಷ್ಯರೇ ಊರಿಗೆಲ್ಲ ದೀಪ. ಒಬ್ಬ ತಡವಾಗಿ ಸೈಕಲ್ ತುಳಿದುಕೊಂಡು ಓಡೋಡಿ ಬಂದು, ಅರಮನೆಯ ತೂಗುದೀಪದಲ್ಲಿ ತನ್ನ ಜಾಗ ಸೇರಿ ಹಲ್ಲು ಬಿಡುತ್ತಾನೆ. ಮೊದಲ ಸಲ ಅದರ ಕಲ್ಪನೆಗೆ ದಂಗಾಗಿ ನಕ್ಕೆ. ಎರಡನೆಯ ಸಲವೂ ನಕ್ಕೆ. ಮೂರನೆಯ ಸಲ, ಇವರಿಗೆ ಸಂಬಳ ಎಷ್ಟು, ದವಡೆ ನೋಯುವುದಿಲ್ಲವೇ ಎಂಬ ಯೋಚನೆ ಬಂತು. ಆದರೂ ಅದು ಕುಸಿಯುವುದಿಲ್ಲ. ಆ ಸೈಕಲ್ಲಿನವನಿಗೆ ಸಕಾಲಕ್ಕೆ ತಲುಪಬೇಕು ಎಂಬ ಒಂದು ಆಸೆ ಇದೆ, ಅದು ಈಡೇರುತ್ತದೆ. ಜಾಹೀರಾತನ್ನು ಜನ ಒಂದೇ ಸಲ ನೋಡುವುದಿಲ್ಲ. ಒಂದು ಕ್ರಿಕೆಟ್ ಪಂದ್ಯದಲ್ಲೇ ಹದಿನೈದು ಸಲ ನೋಡುತ್ತಾರೆ. ನಿಮ್ಮದನ್ನು ಪರೀಕ್ಷಿಸುವಾಗ ಮೂರನೆಯ ಸಲದ ನೋಟಕ್ಕೆ ಬೆಲೆ ಕೊಡಿ.

ತಿದ್ದಲೇಬಾರದ ಸಂದರ್ಭವೂ ಇದೆ ಎಂದು ಒಪ್ಪುತ್ತೇನೆ. ಸ್ಕಿಟಲ್ಸ್‌ನವರು ದುಃಖವನ್ನು ಗೊತ್ತಿದ್ದೇ ಒಳಗೆ ಬಿಟ್ಟುಕೊಂಡರು. ನಟ ಒಂದು ಕ್ಷಣವೂ ತಮಾಷೆ ಮಾಡುವುದಿಲ್ಲ, ಅದೇ ಅದರ ಬಲ. ನನ್ನ ತಂಗಿಯಂಥವರು ಎದ್ದು ಹೋಗುತ್ತಾರೆ ಎಂಬುದು ಅವರು ತೆತ್ತ ಬೆಲೆ. ಲೆಕ್ಕ ಹಾಕಿ ತೆತ್ತರೆ ಅದು ಧೈರ್ಯ. ಅಜ್ಜನ ವಿಷಯದಲ್ಲಿ ನನ್ನದು ಧೈರ್ಯ ಆಗಿರಲಿಲ್ಲ, ಅಕ್ಷರದ ದುರಾಸೆ.

ಅಂದು ನಾವು ಮಾಡಿದ್ದು ಇಷ್ಟು. ಸಾಲನ್ನು “ಲೋ ಕಳ್ಳಾ, ಎಲ್ಲೋ ನನ್ನದು?” ಎಂದು ಕತ್ತರಿಸಿದೆ. ಹಿನ್ನೆಲೆಯ ನಗು ಇಳಿಸಿದೆವು. ಕೊನೆಯ ಮೂರು ಸೆಕೆಂಡಿನಲ್ಲಿ ಅಜ್ಜ ಕ್ಯಾಮೆರಾಕ್ಕೆ ಬೆನ್ನು ಹಾಕಿ ಒಳಗೆ ನಡೆಯುತ್ತಾನೆ. ಬೆನ್ನು ಹಾಕಿದ ಪಾತ್ರ ಡಬ್ಬಿಂಗಿನವರ ಪಾಲಿನ ಗೋಮಾಳ, ಅಲ್ಲಿ ಏನನ್ನಾದರೂ ಮೇಯಿಸಬಹುದು. ಬೆನ್ನಿನ ಮೇಲೆ ಒಂದು ಕಾಗದದ ಚರಚರ ಹಾಕಿದೆವು, ಆಮೇಲೆ ಕಟುಂ ಎಂದು ಕಚ್ಚಿದ ಸದ್ದು, ಆಮೇಲೆ ಅಜ್ಜನ ಸಣ್ಣ ಗುನುಗು. ಅವನ ಹತ್ತಿರ ಇನ್ನೊಂದು ಇತ್ತು! ಚಿತ್ರದಲ್ಲಿ ಒಂದು ಕೂದಲೂ ಅಲುಗಲಿಲ್ಲ.

ಆ ಕಟುಂ ಸದ್ದಿಗೆ ನಟರು, ಹುಡುಗ ಮೊದಲು ಕೊಟ್ಟಿದ್ದ ಪೆಪ್ಪರ್‌ಮೆಂಟನ್ನೇ ಮೈಕಿನ ಹತ್ತಿರ ಹಿಡಿದು ಕಚ್ಚಿದರು. ಗಾಜಿನ ಈಚೆ ಕುಳಿತಿದ್ದ ಹುಡುಗ ಜೋರಾಗಿ ನಕ್ಕುಬಿಟ್ಟ. ನಗು ನಿಂತ ಮೇಲೆ ಜೇಬು ತಡಕಿ, ಅಲ್ಲಿ ಇನ್ನೇನೂ ಇಲ್ಲದ್ದನ್ನು ಕಂಡು, “ಸಾರ್, ಅರ್ಧ ಉಳಿದಿದೆಯೇ?” ಎಂದು ಟಾಕ್‌ಬ್ಯಾಕಿನಲ್ಲಿ ಕೇಳಿದ.